ಕಿಟಕಿಯಾಚೆ ಬಿದ್ದ ಬೆತ್ತ

ಶಾಲೆಯ ಪ್ರವಾಸವೆಂದರೆ ಮಕ್ಕಳಿಗೆ ಹಬ್ಬ, ಮೇಡಂಗಳಿಗೆ ತಲೆ ಎಣಿಸುವ ಕೆಲಸ. ಬಸ್ಸು ಹತ್ತುವಾಗ ನಲವತ್ತೆರಡು, ಇಳಿಯುವಾಗ ನಲವತ್ತೆರಡು, ಊಟಕ್ಕೆ ಕುಳಿತಾಗ ನಲವತ್ತೊಂದಾಗಿ ಎದೆ ಧಸಕ್ಕೆನ್ನುವುದು, ಆ ಇನ್ನೊಂದು ತಲೆ ಐಸ್‌ಕ್ಯಾಂಡಿ ಗಾಡಿಯ ಹಿಂದೆ ಸಿಕ್ಕುವುದು, ಮತ್ತೆ ನಲವತ್ತೆರಡು. ಮೂವತ್ತು ವರ್ಷದಿಂದ ಹೀಗೆ ಎಣಿಸುತ್ತ ಬಂದಿದ್ದೇನೆ. ಈಗ ಮದುವೆಮನೆಗೆ ಹೋದರೂ ಪಂಕ್ತಿಯಲ್ಲಿ ಕುಳಿತವರ ತಲೆ ಎಣಿಸುತ್ತೇನೆ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ.

ಪ್ರತಿ ವರ್ಷ ಬೇಲೂರು, ಹಳೇಬೀಡು, ಇಲ್ಲವೇ ಜೋಗ. 2024ರಲ್ಲಿ ಮಾತ್ರ ನಾನು ಹಠ ಹಿಡಿದು ಆಗುಂಬೆ ಎಂದೆ. ನಮ್ಮ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. "ಸೂರ್ಯಾಸ್ತ ನೋಡೋಕಾ ಮೇಡಂ? ಕತ್ತಲಾಗುತ್ತೆ. ಹೆಣ್ಣುಮಕ್ಕಳನ್ನ ಕರ್ಕೊಂಡು ವಾಪಸ್ ಹೊಳಲೂರಿಗೆ ಬರೋದು ಎಷ್ಟೊತ್ತಿಗೆ?"

"ಸೂರ್ಯಾಸ್ತ ಅಲ್ಲ ಸಾರ್, ಮಾಲ್ಗುಡಿ ನೋಡೋಕೆ."

ಅವರ ಮುಖ ಹುಡುಗನ ಮುಖವಾಯಿತು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಎಲ್. ವೈದ್ಯನಾಥನ್ ಅವರ ಆ ರಾಗವನ್ನು ಗುನುಗಿಯೇಬಿಟ್ಟರು. ಒಪ್ಪಿಗೆ ಸಿಕ್ಕಿತು ಎಂದುಕೊಂಡೆ.

ನಮ್ಮ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಮಕ್ಕಳಿಗೆ ಹೇಳಬೇಕಾಯಿತು. ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಅದು ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣರ ತಲೆಯಲ್ಲಿ ಹುಟ್ಟಿದ್ದು. 1935ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂಬ ಪುಸ್ತಕದಲ್ಲಿ ಸ್ವಾಮಿ, ರಾಜಮ್, ಮಣಿ ಎಂಬ ಹುಡುಗರು ಮೊದಲು ಕಾಣಿಸಿಕೊಂಡರು. ಐವತ್ತು ವರ್ಷವಾದ ಮೇಲೆ ನಮ್ಮ ಶಂಕರ್‌ನಾಗ್ ಆ ಹುಡುಗರನ್ನು ನಮ್ಮದೇ ಜಿಲ್ಲೆಯ ಆಗುಂಬೆಗೆ ಕರೆತಂದು 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದರು. ಅದರಲ್ಲಿನ ಸ್ವಾಮಿಯ ಭಾಗಗಳನ್ನೇ ಜೋಡಿಸಿ 1987ರಲ್ಲಿ 'ಸ್ವಾಮಿ' ಎಂಬ ಚಲನಚಿತ್ರವೂ ಆಯಿತು. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನಿಗೆ ರಾಷ್ಟ್ರಪ್ರಶಸ್ತಿ ಬಂತು. ಅಪ್ಪನ ಪಾತ್ರಕ್ಕೆ ಗಿರೀಶ್ ಕಾರ್ನಾಡ್, ಅಮ್ಮನ ಪಾತ್ರಕ್ಕೆ ವೈಶಾಲಿ ಕಾಸರವಳ್ಳಿ.

ನನಗೊಂದು ಸಂಗತಿ ಈಗಲೂ ವಿಚಿತ್ರವೆನಿಸುತ್ತದೆ. ಬರೆದವರು ತಮಿಳು ಮನೆಮಾತಿನವರು, ಬರೆದದ್ದು ಇಂಗ್ಲಿಷಿನಲ್ಲಿ, ಚಿತ್ರಿಸಿದ್ದು ನಮ್ಮ ಮಲೆನಾಡಿನಲ್ಲಿ, ನಟಿಸಿದವರಲ್ಲಿ ಬಹುಪಾಲು ಕನ್ನಡದವರು, ಆಡಿದ ಮಾತು ಮಾತ್ರ ಹಿಂದಿ! ನಮ್ಮ ಜಗಲಿಯಲ್ಲಿ ಕುಳಿತ ನಮ್ಮ ಅಜ್ಜಿಯಂಥ ಅಜ್ಜಿ ಹಿಂದಿಯಲ್ಲಿ ಮೊಮ್ಮಗನನ್ನು ಕರೆಯುತ್ತಿದ್ದಳು. ಆದರೂ ನಮಗೆ ಅದೆಲ್ಲ ಅರ್ಥವಾಗಿತ್ತು.

ಆಗ ನಾನು ಪಿ.ಯು.ಸಿ. ಓದುತ್ತಿದ್ದೆ. ಹೊಳಲೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವುದು ಹೆಣ್ಣುಹುಡುಗಿಗೆ ಕಷ್ಟ ಎಂದು ಶಿವಮೊಗ್ಗದ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಎರಡು ಬಾಗಿಲಿನ ಡಯನೋರಾ ಟಿ.ವಿ. ಇತ್ತು. ದೇವರ ಕೋಣೆಯ ಬಾಗಿಲಿಗಿಂತ ಹೆಚ್ಚು ಮರ್ಯಾದೆ ಆ ಬಾಗಿಲಿಗೆ. ಮಾಲ್ಗುಡಿಯ ಹೊತ್ತಿಗೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಚಾಪೆ ತುಂಬುತ್ತಿದ್ದರು. ಚಿಕ್ಕಪ್ಪನ ಮಗ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ನಾವು ಕೆಳಗಿನಿಂದ "ಬಂತು ಬಂತು, ಅಯ್ಯೋ ಹೋಯ್ತು" ಎನ್ನುವುದು. ಪಾಪ, ಅವನಿಗೆ ಕಥೆಯ ಮಧ್ಯ ಭಾಗ ಯಾವತ್ತೂ ಸಿಗಲಿಲ್ಲ.

ಸ್ವಾಮಿ ಹೆಡ್‌ಮಾಸ್ಟರರ ಕೈಯಿಂದ ಬೆತ್ತ ಕಸಿದು ಕಿಟಕಿಯಾಚೆ ಎಸೆದ ದಿನ ಚಾಪೆಯ ಮೇಲಿದ್ದ ಅಷ್ಟೂ ಹುಡುಗರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಚಿಕ್ಕಮ್ಮ ಒಳಗಿನಿಂದ ಸೌಟು ಹಿಡಿದು ಬಂದು ಏನಾಯಿತೆಂದು ಕೇಳಿದರು. ನಮ್ಮ ಕೈಗಳಿಗೆಲ್ಲ ಒಂದೊಂದು ಬಾಸುಂಡೆಯ ನೆನಪಿತ್ತು. ನನಗೆ ಏಳನೆಯ ಇಯತ್ತೆಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಬಿದ್ದ ಹುಣಸೆ ಬರಲು ನೆನಪಾಗಿತ್ತು.

ಅದಕ್ಕೆ ಎರಡು ವರ್ಷ ಮೊದಲು, 1985ರಲ್ಲಿ, 'ಬೆಟ್ಟದ ಹೂವು' ಬಂದಿತ್ತು. ಅದೂ ಇಂಗ್ಲಿಷಿನ ಮಕ್ಕಳ ಕಾದಂಬರಿಯಿಂದಲೇ ಬಂದದ್ದು. ಶೆರ್ಲಿ ಅರೋರಾ ಎಂಬ ಲೇಖಕಿ ಬರೆದದ್ದು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಡುವ ಹುಡುಗ ಕೊನೆಗೆ ಅದೇ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಆ ಪುನೀತನನ್ನು ನೋಡಿ ಅಳದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಆದರೆ ನಾನು ಟೀಚರಾದ ಮೇಲೆ ಯೋಚಿಸಿದ್ದೇನೆ, ಬೆಟ್ಟದ ಹೂವಿನ ರಾಮುವಿನಂಥ ಮಗು ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಸ್ವಾಮಿಯಂಥವರು ಬೆಂಚಿಗೆ ಇಬ್ಬರು. ಅಪ್ಪ ಮಾವಿನಹಣ್ಣಿನ ಲೆಕ್ಕ ಕೊಟ್ಟರೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು ಚಿಂತೆ ಮಾಡುವವನು ಅವನು. ಒಳ್ಳೆಯವನೂ ಅಲ್ಲ, ಪೋಲಿಯೂ ಅಲ್ಲ. ಅಂಥವರನ್ನು ಏನು ಮಾಡಬೇಕು ಎಂದು ಬಿ.ಎಡ್.ನಲ್ಲಿ ನಮಗೆ ಕಲಿಸಲಿಲ್ಲ.

ಪ್ರವಾಸಕ್ಕೆ ಒಂದು ವಾರ ಮೊದಲು ಶನಿವಾರ ಮಧ್ಯಾಹ್ನ ಶಾಲೆಯ ದೊಡ್ಡ ಟಿ.ವಿ.ಯಲ್ಲಿ ಸ್ವಾಮಿಯನ್ನು ಹಾಕಿದೆವು. ಒಂದೊಂದು ನಿಮಿಷಕ್ಕೆ ಒಂದೊಂದು ಚಿತ್ರ ಬದಲಾಗುವ ಮೊಬೈಲಿಗೆ ಒಗ್ಗಿದ ಮಕ್ಕಳು ಇದನ್ನು ನೋಡುತ್ತಾರೆಯೇ ಎಂದು ನನಗೆ ಅಳುಕು. ಮೊದಲ ಹತ್ತು ನಿಮಿಷ ಗುಸುಗುಸು. ಆಮೇಲೆ ಸದ್ದಡಗಿತು. ಕ್ರಿಕೆಟ್ ಬಂದಿತ್ತಲ್ಲ! ಮಾಲ್ಗುಡಿ ಕ್ರಿಕೆಟ್ ಕ್ಲಬ್ಬು, ಅಂದರೆ ಎಂ.ಸಿ.ಸಿ. ಸಂಜೆಯ ಡ್ರಿಲ್ ಇರುವುದರಿಂದ ಸ್ವಾಮಿಗೆ ಅಭ್ಯಾಸಕ್ಕೆ ಹೋಗಲು ಆಗುವುದಿಲ್ಲ. ಪುಸ್ತಕದಲ್ಲಿ ಅವನು ಡಾಕ್ಟರ ಹತ್ತಿರ ಹೋಗಿ ತನಗೆ ಸನ್ನಿ ಹಿಡಿದಿದೆ ಎಂದು ಸರ್ಟಿಫಿಕೇಟು ಕೇಳುತ್ತಾನೆ. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ "ಸನ್ನಿ ಬಂದ್ರೆ ಎಷ್ಟ್ ದಿನ ರಜಾ ಮಿಸ್?" ಎಂದ.

ನಾರಾಯಣರ ಬಗ್ಗೆ ಒಂದು ವಿಷಯ ಓದಿದಾಗ ನಾನು ಒಬ್ಬಳೇ ನಕ್ಕಿದ್ದೆ. ಅವರೂ ಸ್ವಲ್ಪ ಕಾಲ ಶಾಲೆಯಲ್ಲಿ ಮೇಷ್ಟ್ರಾಗಿದ್ದರಂತೆ. ಡ್ರಿಲ್ ಮೇಷ್ಟ್ರ ಬದಲಿಗೆ ನೀವು ಹೋಗಿ ಎಂದು ಹೆಡ್‌ಮಾಸ್ಟರು ಹೇಳಿದ್ದಕ್ಕೆ ಕೆಲಸವನ್ನೇ ಬಿಟ್ಟು ಬಂದರಂತೆ. ಅವರ ತಂದೆ ಮೈಸೂರಿನಲ್ಲಿ ದೊಡ್ಡ ಹೈಸ್ಕೂಲಿನ ಹೆಡ್‌ಮಾಸ್ಟರು. ಹೆಡ್‌ಮಾಸ್ಟರರ ಮಗನೇ ಬೆತ್ತವನ್ನು ಕಿಟಕಿಯಿಂದ ಎಸೆಸಿದ್ದು!

ಆ ದೃಶ್ಯ ಬಂತು. ನಲವತ್ತೆರಡು ಮಕ್ಕಳೂ ಚಪ್ಪಾಳೆ ಹೊಡೆದರು, ಸಿಳ್ಳೆಯೂ ಬಂತು. ಈ ಮಕ್ಕಳಿಗೆ ಬೆತ್ತದ ಪರಿಚಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮಕ್ಕಳನ್ನು ಹೊಡೆಯುವುದು ನಿಷಿದ್ಧವಾಯಿತು. ಆದರೂ ಅವರು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನನ್ನ ಕೈ ಮಡಿಲಲ್ಲೇ ಇತ್ತು.

ಸಿನಿಮಾ ಮುಗಿದು ಎಲ್ಲರೂ ಚೀಲ ಎತ್ತಿಕೊಂಡು ಓಡಿದ ಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಉಳಿದುಕೊಂಡಳು. ಮಾತು ಕಡಿಮೆಯ ಹುಡುಗಿ. ಬಾಗಿಲ ಬಳಿ ನಿಂತು ಕೇಳಿದಳು, "ಮಿಸ್, ಸ್ವಾಮಿ ಓಡೋದ್ಮೇಲೆ ಆ ಹೆಡ್‌ಮಾಸ್ಟರ್ ಏನ್ ಮಾಡಿದ್ರು?"

ಇಷ್ಟು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ ನೋಡಿ. ಕಥೆ ಸ್ವಾಮಿಯ ಹಿಂದೆಯೇ ಓಡಿಬಿಡುತ್ತದೆ. ಅವನು ಕಾಡಿನ ದಾರಿಯಲ್ಲಿ ತಪ್ಪಿಹೋಗುತ್ತಾನೆ. ಅಪ್ಪ ಊರೆಲ್ಲ ಹುಡುಕಿ, ಸರಯೂ ಹೊಳೆಯ ದಡದಲ್ಲಿ, ರೈಲ್ವೆ ಹಳಿಯ ಮೇಲೆ ಹೆದರಿ ಹೆದರಿ ಕಣ್ಣಾಡಿಸುತ್ತಾನೆ. ಬೆತ್ತವಿಲ್ಲದ ಕೈಯಲ್ಲಿ ತರಗತಿಯ ನಡುವೆ ನಿಂತವರನ್ನು ಯಾರೂ ತಿರುಗಿ ನೋಡುವುದಿಲ್ಲ.

"ಕಥೇಲಿ ಅದನ್ನ ಹೇಳಲ್ಲಮ್ಮ" ಎಂದು ಅವಳನ್ನು ಕಳಿಸಿದೆ.

ಹೆಡ್‌ಮಾಸ್ಟರು ಏನು ಮಾಡಿರಬಹುದೆಂದು ನನಗೆ ಗೊತ್ತಿತ್ತು. ಆ ಹುಡುಗಿಗೆ ಹೇಳಲಾರದವಳಾಗಿದ್ದೆ, ಏಕೆಂದರೆ ನಾನು ಬೆತ್ತ ಹಿಡಿದು ನಿಂತದ್ದು ಅವಳ ಅಪ್ಪನ ಮುಂದೆ.

1998ರ ಮಾತು. ನಾನು ಆಗ ಹೊಳೆಯಾಚೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೊಸ ಮೇಡಂ ಮೆತ್ತಗೆ, ಹುಡುಗರು ಮಾತು ಕೇಳುವುದಿಲ್ಲ ಎಂದು ಊರವರು ಆಡಿಕೊಳ್ಳುವುದು ಕಿವಿಗೆ ಬಿದ್ದಿತ್ತು. ಇನ್ಸ್‌ಪೆಕ್ಷನ್ ಹತ್ತಿರವಿತ್ತು. ಮನೆಯಲ್ಲಿ ನನ್ನ ಮಗಳಿಗೆ ಹಾಲು ಬಿಡಿಸಿದ ದಿನಗಳು, ರಾತ್ರಿ ನಿದ್ದೆಯಿಲ್ಲ. ಇವೆಲ್ಲ ಕಾರಣಗಳು. ಇವನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ. ಆ ಹುಡುಗನ ಅಂಗೈಗೆ ಇವು ಯಾವುವೂ ಗೊತ್ತಿರಲಿಲ್ಲವಲ್ಲ.

ಎಂಟನೆಯ ತರಗತಿ, ಮೂರನೆಯ ಬೆಂಚು. ಮೂರು ದಿನ ಬಂದಿರಲಿಲ್ಲ. ನಾಲ್ಕನೆಯ ದಿನ ಬಂದವನನ್ನು ಯಾಕೆ ಬರಲಿಲ್ಲ ಎಂದು ಕೇಳಿದರೆ ಸುಮ್ಮನೆ ನಿಂತ. ಉಗುರಿನ ಸಂದಿನಲ್ಲಿ ಗದ್ದೆಯ ಕೆಸರು ಇತ್ತು. ನಾನು ಅದನ್ನು ನೋಡಿದೆ. ನೋಡಿಯೂ "ಕೈ ನೀಡು" ಎಂದೆ. ಬಲಗೈ ನೀಡಿದ. ಹೊಡೆದೆ. ಅವನು ಕೈ ಹಿಂದೆ ತೆಗೆಯಲಿಲ್ಲ, ಅಳಲಿಲ್ಲ, ಬೆತ್ತ ಕಸಿಯಲಿಲ್ಲ. ನಾನು ಕೇಳದೆಯೇ ಎಡಗೈಯನ್ನೂ ನೀಡಿದ. ಅದು ನನಗೆ ಉದ್ಧಟತನದಂತೆ ಕಂಡಿತು. ಅದಕ್ಕೂ ಹೊಡೆದೆ. ಹೊಡೆತ ಜೋರಾಗಿ ಬಿದ್ದು ಬೆತ್ತ ಕೈಜಾರಿ ನೆಲಕ್ಕೆ ಬಿತ್ತು. ಅವನೇ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟು ಹೋಗಿ ಕುಳಿತ. ನಾನು ದಖ್ಖನ್ ಪ್ರಸ್ಥಭೂಮಿಯ ನದಿಗಳ ಪಾಠ ಮುಂದುವರಿಸಿದೆ.

ಮರುದಿನ ಅವನು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೈರು ಹಾಕುತ್ತ ಹೋದೆ. ಸ್ವಲ್ಪ ಕಾಲದ ನಂತರ ಹೆಸರಿನ ಮೇಲೆ ಗೆರೆ ಎಳೆದೆ. ಅವನ ಮನೆ ಶಾಲೆಯಿಂದ ಎರಡು ಫರ್ಲಾಂಗು ದೂರವೂ ಇರಲಿಲ್ಲ. ನಾನು ಹೋಗಲಿಲ್ಲ.

ನನಗೆ ವರ್ಗವಾಯಿತು, ಮತ್ತೊಮ್ಮೆ ವರ್ಗವಾಯಿತು, ಕಡೆಗೆ ತವರಿನ ಹತ್ತಿರದ ಈ ಶಾಲೆಗೆ ಬಂದೆ. 2024ರ ಜೂನಿನಲ್ಲಿ ಪೋಷಕರ ಸಭೆ ನಡೆದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಮನುಷ್ಯನನ್ನು ನೋಡಿದ ತಕ್ಷಣ ಗುರುತು ಹಿಡಿದೆ. ನಿಂತ ಭಂಗಿ ಅದೇ. ಹೆಂಡತಿಯ ಊರು ಹೊಳಲೂರಂತೆ, ಅಡಿಕೆ ಕೊಯ್ಲಿನ ಕೆಲಸ ಹಿಡಿದು ಇಲ್ಲೇ ನಿಂತನಂತೆ. ಸಹಿ ಹಾಕುವಾಗ ಒಂದೊಂದೇ ಅಕ್ಷರ ಬಿಡಿಸಿ ಬರೆದ. "ನಮಸ್ಕಾರ ಮಿಸ್, ಚೆನ್ನಾಗಿದೀರಾ?" ಎಂದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ, "ಓದ್ಲಿಲ್ಲ ಅಂದ್ರೆ ನಾಕು ಬಿಡಿ ಮಿಸ್. ನೀವು ಹೊಡುದ್ರೆ ನಾವೇನ್ ಕೇಳಾಕೆ ಬರಲ್ಲ."

ಟೀಚರುಗಳಾಗಿರುವ ಓದುಗರಿಗೆ ಈ ಮಾತು ಹೊಸದಲ್ಲ. ಎಲ್ಲ ಅಪ್ಪಂದಿರೂ ಹೇಳುತ್ತಾರೆ, ಅಮ್ಮಂದಿರು ಇನ್ನೂ ಜೋರಾಗಿ ಹೇಳುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಅವತ್ತು ನನಗೆ ನಗಲಾಗಲಿಲ್ಲ. ಈಗ ಹೊಡೆಯುವ ಹಾಗಿಲ್ಲಪ್ಪ, ಕಾನೂನಿದೆ ಎಂದೆ. ಕಾನೂನಿನ ಹಿಂದೆ ಅಡಗಿಕೊಂಡೆ ಎನ್ನಿ.

ಪ್ರವಾಸದ ದಿನ ಬೆಳಗಿನ ಜಾವ ಹೊರಟೆವು. ಮಂಡಗದ್ದೆ ದಾಟಿ ತೀರ್ಥಹಳ್ಳಿಯಲ್ಲಿ ತಿಂಡಿ. ಕುಪ್ಪಳಿಯಲ್ಲಿ ಕವಿಮನೆ ನೋಡಿದೆವು. ಆಗುಂಬೆ ಮುಟ್ಟುವಾಗ ಬಿಸಿಲಿತ್ತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಎಂದು ಪಾಠದಲ್ಲಿ ಓದಿದ್ದ ಹುಡುಗರು "ಮಳೆ ಎಲ್ಲಿ ಮಿಸ್?" ಎಂದು ದೂರಿದರು. ಅಂಥ ಊರಿನಲ್ಲಿ ಶಂಕರ್‌ನಾಗ್ ತಂಡ ಕ್ಯಾಮೆರಾ ಹೂಡಿಕೊಂಡು ಕೂತಿತ್ತಲ್ಲ ಎಂದು ನನಗೆ ಆಶ್ಚರ್ಯ. ಜಾನ್ ದೇವರಾಜ್ ಕಲಾ ನಿರ್ದೇಶಕರಾಗಿ ಬೀದಿಯನ್ನೇ ಮಾಲ್ಗುಡಿ ಮಾಡಿದ್ದರು. ಲಾಲಿ ದೊರೆಯ ಪ್ರತಿಮೆಯನ್ನೂ ನಿಲ್ಲಿಸಿದ್ದರು. ಶಂಕರ್‌ನಾಗ್ ಇದಾಗಿ ಹೆಚ್ಚು ಕಾಲ ಉಳಿಯಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾದ ಸುದ್ದಿ ಬಂದ ದಿನ ಕಾಲೇಜಿನಲ್ಲಿ ಪಾಠವೇ ನಡೆಯಲಿಲ್ಲ ಎಂದು ನನಗೆ ನೆನಪು.

ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆಯ ಮರದ ಕಂಬಗಳನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು. ಎರಡು ಸಾಲು ಹುಡುಗರು ಜಗಲಿಯಲ್ಲಿ ಸ್ವಾಮಿಯ ಹಾಗೆ ಕುಳಿತು ಫೋಟೋ ತೆಗೆಸಿಕೊಂಡರು. ಹದಿನಾರು ವರ್ಷದವಳಾಗಿ ನೋಡಿದಾಗ ನನ್ನ ಕಣ್ಣು ಸ್ವಾಮಿಯನ್ನು ಬಿಟ್ಟು ಆಚೀಚೆ ಹೋಗಿರಲಿಲ್ಲ. ಈಗ ಆ ಮನೆಯಲ್ಲಿ ನಿಂತಾಗ ವೈಶಾಲಿಯವರ ಪಾತ್ರ ನೆನಪಾಯಿತು, ಒಳಮನೆಗೂ ಅಡಿಗೆಮನೆಗೂ ಓಡಾಡುತ್ತಿದ್ದ ಆ ಅಮ್ಮ. ಮಗ ರಾತ್ರಿಯಾದರೂ ಬಾರದಿದ್ದಾಗ ಅಪ್ಪನಿಗೆ ಹೊರಗೆ ಹೋಗಿ ಹುಡುಕುವ ಕೆಲಸವಾದರೂ ಇತ್ತು. ಅವಳು ಎಲ್ಲಿಗೆ ಹೋಗಬೇಕಿತ್ತು? ಮೂರನೆಯ ಬೆಂಚಿನ ಆ ಹುಡುಗನಿಗೂ ಒಬ್ಬ ತಾಯಿ ಇದ್ದಳಲ್ಲ, ಅವತ್ತು ಸಂಜೆ ಅವನು ಎರಡೂ ಅಂಗೈಯನ್ನು ಯಾವ ನೆಪ ಹೇಳಿ ಮುಚ್ಚಿಕೊಂಡನೋ.

ಬರುವಾಗ ರಿಪ್ಪನ್‌ಪೇಟೆಯ ಕಡೆಯಿಂದ ಅರಸಾಳಿಗೆ ಬಂದೆವು. ಮಾಲ್ಗುಡಿಯ ರೈಲ್ವೆ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಅದೇ. ಆ ಹಳೆಯ ಕಟ್ಟಡವನ್ನು ಸರಿಪಡಿಸಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿದ್ದಾರೆ. ಕಥೆಯ ಕೊನೆಯಲ್ಲಿ ರಾಜಮ್ ಊರು ಬಿಟ್ಟು ಹೋಗುವಾಗ, ಮಾತು ಬಿಟ್ಟಿದ್ದ ಗೆಳೆಯನಿಗೆ ಕೊಡಲು ಸ್ವಾಮಿ ಒಂದು ಪುಸ್ತಕ ಹಿಡಿದು ಸ್ಟೇಷನ್ನಿಗೆ ಓಡಿಬರುತ್ತಾನೆ. ಆ್ಯಂಡರ್ಸನ್ನನ ಕಥೆಗಳ ಪುಸ್ತಕ. ರೈಲು ಹೊರಟೇಬಿಟ್ಟಿರುತ್ತದೆ. ರಾಜಮ್ ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ಕೊನೆಗೂ ಸರಿಯಾಗಿ ತಿಳಿಯುವುದಿಲ್ಲ. ಮಕ್ಕಳು ಪ್ಲಾಟ್‌ಫಾರಂ ಉದ್ದಕ್ಕೂ ಓಡಿ ಅದನ್ನು ಆಡಿ ತೋರಿಸಿದರು. ಎಲ್ಲರಿಗೂ ಸ್ವಾಮಿಯಾಗಬೇಕು, ರಾಜಮ್ ಆಗಲು ಯಾರೂ ಸಿದ್ಧರಿಲ್ಲ. ಕಡೆಗೆ ಆ ಮಾತು ಕಡಿಮೆಯ ಹುಡುಗಿಯೇ ರಾಜಮ್ ಆಗಿ ಕಲ್ಲುಬೆಂಚಿನ ಮೇಲೆ ಮುಖ ತಿರುಗಿಸಿ ಕುಳಿತಳು.

ಹೊಳಲೂರು ತಲುಪಿದಾಗ ರಾತ್ರಿ ಒಂಬತ್ತೂವರೆ. ಬಸ್‌ಸ್ಟ್ಯಾಂಡಿನಲ್ಲಿ ಬೈಕುಗಳ ಸಾಲು. ಹಾಜರಿ ಹಾಳೆ ಹಿಡಿದು ಒಬ್ಬೊಬ್ಬರನ್ನೇ ಮನೆಯವರ ಕೈಗೆ ಒಪ್ಪಿಸಿ ಗುರುತು ಹಾಕುತ್ತ ಹೋದೆ. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಕೊನೆಯಲ್ಲಿ ನಿಂತಿದ್ದ. ಮಗಳು ಚೀಲ ತರಲು ಬಸ್ಸಿನೊಳಗೆ ಹೋದಾಗ, ಇನ್ನು ತಡೆದರೆ ಯಾವತ್ತೂ ಹೇಳಲಾರೆ ಎನಿಸಿ ಹೇಳಿಬಿಟ್ಟೆ.

"ಅವತ್ತು ನಾನು ನಿಂಗೆ ಹೊಡೀಬಾರದಿತ್ತಪ್ಪ. ತಪ್ಪಾಯ್ತು."

ಅವನು ಗಾಬರಿಯಿಂದ ನೋಡಿದ. "ಯಾವತ್ತು ಮಿಸ್?"

"ಮೂರು ದಿನ ಬಂದಿರಲಿಲ್ಲವಲ್ಲ, ಕೈಗೆಲ್ಲ ಕೆಸರಾಗಿತ್ತು. ಎರಡೂ ಕೈ ನೀಡಿದೆಯಲ್ಲ. ಬೆತ್ತ ಕೆಳಗೆ ಬಿತ್ತು, ನೀನೇ ಎತ್ತಿಕೊಟ್ಟೆ."

ಅವನು ನಿಜವಾಗಿ ಯೋಚಿಸಿದ. ನಾನು ಇಪ್ಪತ್ತಾರು ವರ್ಷ ಹೊತ್ತುಕೊಂಡು ತಿರುಗಿದ ಆ ದಿನವನ್ನು ಅವನು ಹುಡುಕಿದ, ಸಿಗಲಿಲ್ಲ.

"ಅದ್ಯಾವ್ದೋ ನೆನಪಾಗ್ತಿಲ್ಲ ಮಿಸ್. ನೀವು ಸುಮಾರ್ ಸಲ ಹೊಡ್ದಿದ್ರಲ್ಲ."

ಸುಮಾರು ಸಲ. ನನಗೆ ಒಂದೇ ನೆನಪಿತ್ತು.

ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. "ಶಾಲೆ ಬಿಟ್ಟಿದ್ದು ಅದುಕ್ಕಲ್ಲ ಬಿಡಿ. ಅಪ್ಪನ ಕಾಲ್ ಮೇಲೆ ಟ್ರ್ಯಾಕ್ಟರ್ ಹತ್ತಿತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದು ಬೈಕಿಗೆ ಒದ್ದ. ಮಗಳು ಬಂದು ಹಿಂದೆ ಕುಳಿತಳು. ಚಳಿ ಇದೆ, ಮನೆಗೆ ಹೋಗಿ ಮಿಸ್ ಎಂದು ಅವನೇ ಹೇಳಿದ. ಅವರ ದೀಪ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಆ ರಾಗ ಗುನುಗುವುದು ಕೇಳಿಸಿತು.

ಹಾಳೆಯಲ್ಲಿ ನಲವತ್ತೊಂದು ಗುರುತಾಗಿತ್ತು. ಉಳಿದವನೊಬ್ಬ ಏಳನೆಯ ತರಗತಿಯ ಪೋರ, ಸ್ವೆಟರಿನ ತೋಳಲ್ಲಿ ಮೂಗು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಮನೆಯಿಂದ ಯಾರೂ ಬಂದಿರಲಿಲ್ಲ. ಬಸ್ಸಿನವನು ಹೊರಡುತ್ತೇನೆಂದ, ಹೊರಡಿ ಎಂದೆ. ಹುಡುಗನ ಪಕ್ಕದಲ್ಲಿ ಕುಳಿತು, ಮನೇಲಿ ಯಾರ್ಯಾರಿದಾರೆ ಮರಿ ಎಂದು ಕೇಳಿದೆ.